ಬುದ್ಧಿಯವರ ಕಾರಿಗೆ ಎತ್ತಿನ ಗಾಡಿಯ ಟೈರು

ನಿವೃತ್ತಿ ಎಂದರೆ ಜನ ಅರವತ್ತು ದಾಟಿದವರನ್ನು ನೆನೆಸಿಕೊಳ್ಳುತ್ತಾರೆ. ನನಗೆ ಮೂವತ್ತಾರು. ಬಲ ಹೆಗಲು ಒಂದು ಮಟ್ಟಕ್ಕಿಂತ ಮೇಲೇಳುವುದಿಲ್ಲ. ಡಾಕ್ಟರು ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನು ರಾಡು ಮುಟ್ಟಬೇಡಿ” ಎಂದರು. ಟೈರ್ ಕೆಲಸದವನಿಗೆ ಅಷ್ಟು ಹೇಳಿದರೆ ಮುಗಿಯಿತು. ಈಗ ಅಂತರಸನಹಳ್ಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೂತು ಸಾಮಾನು ಎಣಿಸಿ ಕೊಡುತ್ತೇನೆ. ನಾನು ಕೊನೆಯದಾಗಿ ಕೂರಿಸಿದ ಟೈರು ಎತ್ತಿನ ಗಾಡಿಯದು, ಕೂರಿಸಿದ್ದು ಒಂದು ಮಠದ ಕಾರಿಗೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಟೈರ್ ಅಂಗಡಿಗೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. “ಅಣ್ಣ, ಹಳೇ ಗಾಡಿ ಬಂದದೆ, ಟೈರು ಕಲ್ಲಾಗೈತೆ, ಹತ್ತುತ್ತಾನೇ ಇಲ್ಲ, ಏನ್ ಮಾಡ್ಲಿ?” ಫೋನಿನಲ್ಲಿ ಹೇಳಿದರೆ ಅರ್ಧ ತಿಳಿಯುತ್ತದೆ, ಅರ್ಧ ತಪ್ಪುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರದಿಂದ ಪ್ರತಿ ಸಂಜೆ ಡೈರಿ ಬರೆಯುವುದು ನನ್ನ ಅಭ್ಯಾಸ. ಯಾವ ಗಾಡಿ, ಯಾವ ಅಳತೆ, ಏನು ಕೆಟ್ಟಿತು, ಏನು ಸರಿಹೋಯಿತು, ಅಷ್ಟೇ ಬರೆಯುತ್ತಿದ್ದೆ. ಅದನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ತುಮಕೂರಿನಲ್ಲಿ, ಖಲೀಲ್ ಸಾಬ್ರ ಅಂಗಡಿಯಲ್ಲಿ. ಲಾರಿ, ಟ್ರ್ಯಾಕ್ಟರ್, ಆಟೋ ಎಲ್ಲವೂ ಬರುತ್ತಿದ್ದವು. ಹಳೆಯ ಗಾಡಿಗಳೂ ಬರುತ್ತಿದ್ದವು, ಯಾಕೆಂದರೆ ಅವುಗಳಿಗೆ ಬೇರೆಯವರು ಕೈ ಹಾಕುತ್ತಿರಲಿಲ್ಲ. ಹಳೆಯ ಗಾಡಿಯ ಅಳತೆಗೆ ಹೊಸ ಟೈರು ಸಿಗುವುದು ಕಷ್ಟ. ಹಾಗಾಗಿ ಮಾಲೀಕರು ಎಲ್ಲಿಂದಲೋ ಹುಡುಕಿ ತಂದ ಟೈರು ಗಾಡಿಯಷ್ಟೇ ಹಳೆಯದಾಗಿರುತ್ತಿತ್ತು. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ರಬ್ಬರು ಬಗ್ಗುವುದಿಲ್ಲ. ಬಲ ಹಾಕಿ ಬಗ್ಗಿಸಿದರೆ ಸೀಳುತ್ತದೆ.

ಮೊದಲ ದಿನ ನನಗೆ ಒಂದು ಹಳೆಯ ಜೀಪಿನ ಟೈರು ಕೊಟ್ಟರು. ಟೈರು ಮೀಟುವ ಎರಡು ಕಬ್ಬಿಣದ ರಾಡು ಹಾಕಿ ಮೈಯ ಭಾರವನ್ನೆಲ್ಲ ಬಿಟ್ಟು ಜಗ್ಗಿದೆ. ರಾಡು ಜಾರಿ ಗೋಡೆಗೆ ಬಡಿಯಿತು. ಖಲೀಲ್ ಸಾಬ್ರು ಟೀ ಲೋಟ ಕೆಳಗಿಟ್ಟರು.

“ಏನ್ಲಾ ಮಂಜ, ಟೈರ್ ಜೊತೆ ಕುಸ್ತಿ ಆಡೋಕ್ ಬಂದಿದೀಯಾ? ಅದು ನಿಂಗಿಂತ ಹಳೇ ಪೈಲ್ವಾನ್ ಕಣೋ. ಎದುರುಗಡೆ ಹೋಗಿ ಮಂಡಿ ಊರು. ಆಮೇಲ್ ಈ ಕಡೆ ರಾಡ್ ಹಾಕು.”

ಇಡೀ ಕೆಲಸದ ಗುಟ್ಟು ಆ ಮಾತಿನಲ್ಲಿದೆ. ರಿಮ್ಮಿನ ಒಳಗೆ ಸುತ್ತಲೂ ಒಂದು ತಗ್ಗು ಇರುತ್ತದೆ. ಟೈರಿನ ಅಂಚಿನಲ್ಲಿ ಉಕ್ಕಿನ ತಂತಿ ಇರುವುದರಿಂದ ಅದು ಹಿಗ್ಗುವುದಿಲ್ಲ. ಒಂದು ಕಡೆಯ ಅಂಚನ್ನು ಆ ತಗ್ಗಿಗೆ ಇಳಿಸಿದರೆ ಮಾತ್ರ ಎದುರು ಕಡೆ ಸಡಿಲ ಸಿಗುತ್ತದೆ, ರಾಡು ಅಲ್ಲಿಂದ ಅಂಚನ್ನು ಒಳಗೆ ಹಾಯಿಸುತ್ತದೆ. ಹೊಸ ಟೈರು ತಗ್ಗಿನಲ್ಲಿ ಇಳಿದು ಸುಮ್ಮನಿರುತ್ತದೆ. ಹಳೆಯದು ನೀವು ಈ ಕಡೆ ತಿರುಗುವಷ್ಟರಲ್ಲಿ ಮೇಲೆದ್ದು ಬಂದಿರುತ್ತದೆ. ಅದಕ್ಕೇ ಮಂಡಿ. ಮಂಡಿ ಸಾಲದಿದ್ದರೆ ಇನ್ನೊಬ್ಬ ಮನುಷ್ಯ. ಇದನ್ನು ಕೈ ಕಲಿಯುವಷ್ಟರಲ್ಲಿ ನಾನು ರಾಡಿಗೆ ಸಿಕ್ಕಿಸಿ ಹರಿದ ಟ್ಯೂಬುಗಳು, ಆ ವರ್ಷದ ಡೈರಿಯ ಪ್ರಕಾರ, ಇಪ್ಪತ್ತಮೂರು. ಸಾಬ್ರು ಅವನ್ನು ಕತ್ತರಿಸಿ ಬಾಗಿಲಿಗೆ ತೋರಣದ ಹಾಗೆ ಕಟ್ಟಿದ್ದರು. ಬಂದವರಿಗೆಲ್ಲ, “ಇದು ನಮ್ ಮಂಜನ ಕೈಕೆಲ್ಸ” ಎಂದು ಪರಿಚಯ ಮಾಡಿಸುತ್ತಿದ್ದರು.

ಸಾಬ್ರಿಗೆ ಎರಡು ಪದ್ಧತಿಗಳಿದ್ದವು. ಅವೆರಡನ್ನೂ ಎಂದೂ ಬಿಟ್ಟವರಲ್ಲ. ಒಂದು, ಟೈರಿನ ಅಂಚಿಗೆ ಬಟ್ಟೆ ಸೋಪಿನ ನೊರೆ ಬಿಟ್ಟರೆ ಬೇರೇನೂ ಹಚ್ಚಬಾರದು. ಎರಡು, ಗಾಳಿ ತುಂಬಿ ಮುಗಿದ ಮೇಲೆ ರಿಮ್ಮಿನಿಂದ ಟೈರಿನ ಮೇಲಕ್ಕೆ ಹಾಯುವ ಹಾಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯಬೇಕು. ಆ ಗೆರೆ ಯಾಕೆಂದು ನಾನು ಬಹಳ ದಿನ ಕೇಳಲಿಲ್ಲ. ಅವರ ಸಹಿ ಇರಬೇಕು ಎಂದುಕೊಂಡಿದ್ದೆ.

ತಿಳಿಸಿದವರು ಅಮೃತೂರಿನ ಕೃಷ್ಣೇಗೌಡರು. ತೆಂಗಿನ ತೋಟದವರು, ತಂದೆಯ ಕಾಲದ ಜೀಪು ಇಟ್ಟುಕೊಂಡಿದ್ದರು. ಒಂದು ದಿನ ಆ ಜೀಪಿನ ಚಕ್ರವೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಟ್ಯೂಬಿನ ವಾಲ್ವು ಬುಡದಲ್ಲೇ ಕತ್ತರಿಸಿಹೋಗಿತ್ತು.

“ಟೈರ್ ಹಾಕಿದ್ದ್ಯಾರು ಗೌಡ್ರೆ?” ಎಂದರು ಸಾಬ್ರು.

“ನಾನೇ ಕಣಪ್ಪ. ಪಂಪ್‌ಸೆಟ್ ಗ್ರೀಸ್ ಇತ್ತಲ್ಲ, ಅದ್ನ ಅಂಚಿಗೆಲ್ಲ ಬಳ್ದೆ. ಬೆಣ್ಣೆ ಹಂಗೆ ಕೂತ್ಕೊಂಬುಡ್ತು.”

“ಹಂಗೇ ಜಾರೋಗದೆ ನೋಡಿ. ಎಲ್ಲಿ ನಿಂತ್ಕೊಂಡ್ತು?”

“ಮಾರ್ಕೋನಹಳ್ಳಿ ಇಳಿಜಾರಲ್ಲಿ. ಬ್ರೇಕ್ ತುಳಿದೆ, ಪಟ್ ಅಂತು, ಜೀಪು ಕಾಲುವೆ ಕಡೆ ಮುಖ ಮಾಡ್ತು. ಅಲ್ಲೊಂದು ಕಲ್ಲಿಲ್ದಿದ್ರೆ ನಾನಿವತ್ತು ನಿಮ್ ಹತ್ರ ಮಾತಾಡ್ತಿರ್ಲಿಲ್ಲ ಬುಡು.”

ಸಾಬ್ರು ನನ್ನನ್ನು ಕರೆದು ತೋರಿಸಿದರು. ಬ್ರೇಕು ಹಿಡಿಯುವುದು ರಿಮ್ಮನ್ನು. ಅಂಚಿನಲ್ಲಿ ಜಿಡ್ಡಿದ್ದರೆ ರಿಮ್ಮು ನಿಲ್ಲುತ್ತದೆ, ಟೈರು ನಿಲ್ಲದೆ ಅದರ ಮೇಲೆ ಒಂದಿಷ್ಟು ತಿರುಗುತ್ತದೆ. ಟ್ಯೂಬು ಟೈರಿನ ಜೊತೆ ಹೋಗುತ್ತದೆ, ವಾಲ್ವು ರಿಮ್ಮಿನ ತೂತಿನಲ್ಲೇ ಉಳಿಯುತ್ತದೆ. ಎರಡರ ನಡುವೆ ಎಳೆದಾಡಿ ಅದು ಕತ್ತರಿಸಿಹೋಗುತ್ತದೆ. ಸೋಪಿನ ನೊರೆಯಾದರೆ ಒಣಗಿ ಹಿಡಿದುಕೊಳ್ಳುತ್ತದೆ. ಗೆರೆ ಇರುವುದು ಅದಕ್ಕೆ. ಗಾಡಿ ಸ್ವಲ್ಪ ಓಡಿ ಬಂದ ಮೇಲೆ ರಿಮ್ಮಿನ ಗೆರೆಯೂ ಟೈರಿನ ಗೆರೆಯೂ ಒಂದಕ್ಕೊಂದು ಕೂಡಿದ್ದರೆ ಸರಿ. ಬೇರೆ ಬೇರೆಯಾಗಿದ್ದರೆ ಆ ಗಾಡಿಯನ್ನು ಅಂಗಡಿಯಿಂದ ಬಿಡಬಾರದು.

ಹೊಸಬರಿಗೆ ಇನ್ನೊಂದು ಮಾತು, ಇದಕ್ಕೆ ಕಥೆ ಬೇಡ. ಹಳೆಯ ಲಾರಿ ಚಕ್ರಗಳಲ್ಲಿ ಟೈರನ್ನು ಹಿಡಿಯಲು ಒಂದು ಉಕ್ಕಿನ ರಿಂಗು ಇರುತ್ತದೆ. ಗಾಳಿ ತುಂಬುವಾಗ ಆ ರಿಂಗಿನ ಎದುರು ನಿಲ್ಲಬೇಡಿ. ರಿಂಗು ನೆಲಕ್ಕೆ ಮುಖ ಮಾಡಿರಲಿ, ಸುತ್ತ ಸರಪಳಿ ಇರಲಿ. ಸಾಬ್ರ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕಾರಣ ಕೇಳಿದರೆ ರಿಂಗನ್ನು ತೋರಿಸುತ್ತಿದ್ದರು.

ಆಮೇಲೆ ಅಂಗಡಿಗೆ ಮೆಷಿನ್ ಬಂತು. ಪೆಡಲು ತುಳಿದರೆ ಟೈರು ಇಳಿಯುತ್ತದೆ, ಇನ್ನೊಮ್ಮೆ ತುಳಿದರೆ ಏರುತ್ತದೆ. ಬೆನ್ನಿಗೂ ಹೆಗಲಿಗೂ ಎಷ್ಟು ಸುಖವೆಂದರೆ, ಅದು ಹತ್ತು ವರ್ಷ ಮುಂಚೆ ಬಂದಿದ್ದರೆ ನಾನು ಇನ್ನೂ ಕೆಲಸದಲ್ಲಿರುತ್ತಿದ್ದೆ. ಆದರೆ ಕಡ್ಡಿಗಳಿರುವ ಹಳೆಯ ರಿಮ್ಮನ್ನು ಅದರ ದವಡೆ ಸರಿಯಾಗಿ ಕಚ್ಚುವುದಿಲ್ಲ. ಒಂದು ರಿಮ್ಮು ಸೊಟ್ಟಗಾದ ಮೇಲೆ ಸಾಬ್ರು, “ಹೊಸಾದು ಮೆಷಿನ್ನಿಗೆ, ಹಳೇದು ಮಂಜಂಗೆ” ಎಂದು ಹಂಚಿಬಿಟ್ಟರು. ಅಷ್ಟರಲ್ಲಿ ಅವರ ಕಣ್ಣು ಮಂಜಾಗಿತ್ತು. ಕುರ್ಚಿಯ ಮೇಲೆ ಕೂತು ಗಾಳಿಯ ಸದ್ದಿನ ಮೇಲೇ ಹೇಳುತ್ತಿದ್ದರು, ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಎಂದು.

ಮಠದ ಕೆಲಸ ಬಂದದ್ದು ಎರಡು ವರ್ಷದ ಹಿಂದೆ, ಕಾರ್ತಿಕ ಮಾಸದಲ್ಲಿ. ಗುಬ್ಬಿಯಿಂದ ಒಳಕ್ಕೆ ಒಂದು ಹಳ್ಳಿಯ ಚಿಕ್ಕ ಮಠ. ಸ್ವಾತಂತ್ರ್ಯಕ್ಕೂ ಮುಂಚಿನ ಕಪ್ಪು ವಿಲಾಯಿತಿ ಕಾರು ಅಲ್ಲಿತ್ತು. ಕೊಬ್ಬರಿ ಮಂಡಿಯ ಭಕ್ತರೊಬ್ಬರು ಹಿಂದಿನ ಸ್ವಾಮಿಗಳಿಗೆ ಕೊಟ್ಟದ್ದು. ಆ ಸ್ವಾಮಿಗಳನ್ನು ಊರವರು ದೊಡ್ಡ ಬುದ್ಧಿಯವರು ಎನ್ನುತ್ತಾರೆ. ಅವರು ಲಿಂಗೈಕ್ಯರಾದ ಮೇಲೆ, ಪ್ರತಿ ವರ್ಷ ಅವರ ಸ್ಮರಣೆಯ ದಿನ ಆ ಕಾರಿನಲ್ಲಿ ಅವರ ಭಾವಚಿತ್ರ ಇಟ್ಟು, ಕೆರೆ ಏರಿಯ ಮೇಲೆ ನಿಧಾನವಾಗಿ ಗದ್ದುಗೆಯವರೆಗೆ ಹೋಗುವುದು ಪದ್ಧತಿ. ಟೈರು ಸವೆದು, ಎಂಜಿನ್ ಕೆಟ್ಟು, ಹಲವು ವರ್ಷದಿಂದ ಅದು ನಿಂತುಹೋಗಿತ್ತು. ಈಗ ಯಾರೋ ಎಂಜಿನ್ ಸರಿಮಾಡಿದ್ದರು. ಟೈರು ಉಳಿದಿತ್ತು.

ನಾನು ಹೋದಾಗ ಕಾರಿನ ಪಕ್ಕ ಒಬ್ಬ ಮುದುಕರು ನಿಂತಿದ್ದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಎಂಬತ್ತರ ಹತ್ತಿರದ ವಯಸ್ಸು. ದೊಡ್ಡ ಬುದ್ಧಿಯವರ ಡ್ರೈವರಾಗಿದ್ದ ನಂಜಪ್ಪನವರು.

“ನೀವೇ ಏನಪ್ಪ ಟೈರ್ ಡಾಕ್ಟ್ರು? ಇಷ್ಟ್ ಚಿಕ್ಕೋರಾ! ಬರ್ರಿ, ಬುದ್ಧಿಯೋರ ಟೈರ್ ತೋರುಸ್ತೀನಿ.”

ಅಟ್ಟದ ಮೇಲೆ ನಾಲ್ಕು ಟೈರುಗಳಿದ್ದವು. ದೊಡ್ಡ ಬುದ್ಧಿಯವರು ಕೊನೆಯ ಸಲ ಬೊಂಬಾಯಿಗೆ ಹೋದಾಗ ತಾವೇ ಆರಿಸಿ ತಂದವು. ಕಾರಿಗೆ ಹಾಕುವ ಮೊದಲೇ ಅವರು ಹೋಗಿಬಿಟ್ಟರು. ಹಾಗಾಗಿ ಆ ಟೈರುಗಳಿಗೂ ಪೂಜೆ ನಡೆಯುತ್ತಿತ್ತು. ಕೆಳಗಿಳಿಸಿ ನೋಡಿದೆ. ಅಷ್ಟು ಹಳೆಯ ಟೈರು ಅಷ್ಟು ಹೊಳೆಯುವುದನ್ನು ನಾನು ನೋಡಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಕ್ಕೆ ಹೋಗಿ, ಉಗುರಿನ ಗುರುತು ಉಳಿಯಿತು. ಮೂಸಿ ನೋಡಿದೆ. ಕಮಟು ಎಣ್ಣೆಯ ವಾಸನೆ.

“ಯಜಮಾನ್ರೆ, ಇದಕ್ಕೇನಾದ್ರೂ ಹಚ್ತಿದ್ರಾ?”

“ಮತ್ತೆ! ಪ್ರತಿ ಆಯುಧಪೂಜೆಗೂ ಇಳ್ಸಿ, ಒರ್ಸಿ, ಕೊಬ್ರಿ ಎಣ್ಣೆ ತಿಕ್ಕಿ, ವಿಭೂತಿ ಹಚ್ಚಿ ಮೇಲಿಡ್ತೀನಿ. ಒಂದ್ ವರ್ಷಾನೂ ತಪ್ಸಿಲ್ಲ. ಒಣಗಬಾರ್ದಲ್ಲ.”

ರಬ್ಬರಿಗೆ ಎಣ್ಣೆ ಕುಡಿಸಿದರೆ ಅದು ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ. ಮಠದ ಮ್ಯಾನೇಜರ್ ಶಿವಪ್ರಕಾಶ್ ಅವರನ್ನು ಪಕ್ಕಕ್ಕೆ ಕರೆದು, ಈ ಟೈರು ರಿಮ್ಮಿನ ಮೇಲೆ ನಿಲ್ಲುವುದು ಅನುಮಾನ ಎಂದು ಹೇಳಿದೆ.

“ಬೇರೆ ಟೈರು ಬೇಡ. ಬುದ್ಧಿಯೋರು ಕೈಯಾರೆ ತಂದಿದ್ದು, ಅವೇ ಆಗ್ಬೇಕು ಅಂತ ಭಕ್ತರ ಆಸೆ,” ಎಂದರು ಅವರು. ಆಮೇಲೆ ದನಿ ತಗ್ಗಿಸಿ, “ನೋಡಿ, ಟ್ರಸ್ಟಿನೋರು ತೀರ್ಮಾನ ಮಾಡವ್ರೆ. ಈ ಸಲ ಓಡಿದ್ರೆ ಪ್ರತಿ ವರ್ಷ ಓಡ್ಲಿ. ಇಲ್ದಿದ್ರೆ ಗಾಜಿನ್ ಮನೆ ಕಟ್ಸಿ ಒಳಗಿಟ್ಬುಡೋದು. ನಂಜಪ್ಪಂಗೆ ಹೇಳ್ಬೇಡಿ,” ಎಂದರು.

ನಂಜಪ್ಪನವರಿಗೆ ಅದಾಗಲೇ ಗೊತ್ತಿತ್ತು. ನಾನು ರಿಮ್ಮಿನ ತುಕ್ಕು ಉಜ್ಜುತ್ತ ಕೂತಿದ್ದಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ಗಾಜಿನೊಳಗೆ ಕಾರಿಟ್ಟು ಏನ್ ಮಾಡ್ತಾರಪ್ಪ? ಮೀನಾ ಅದು?” ಎಂದರು. ರಿಮ್ಮನ್ನು ಕೈಯಲ್ಲಿ ಸವರಿ, “ಒಂದ್ಸಲ ಏರಿ ಮೇಲೆ ಓಡ್ಸಿದ್ರೆ ಸಾಕು ನಂಗೆ” ಎಂದರು.

ಟೈರಿನ ಅಂಚನ್ನು ಬಿಸಿನೀರು ಸೋಪು ಹಾಕಿ ಪದೇ ಪದೇ ತೊಳೆದು, ಒಣಗಿಸಿ, ಟ್ಯೂಬಿಗೆ ಪೌಡರು ಹಾಕಿ ಕೂರಿಸಿದೆ. ನಾಲ್ಕೂ ಸುಲಭವಾಗಿ ಹತ್ತಿಬಿಟ್ಟವು. ನಂಜಪ್ಪನವರು, “ನೋಡುದ್ರಾ, ಎಣ್ಣೆ ಮಹಿಮೆ!” ಎಂದು ಸುತ್ತಲಿದ್ದವರಿಗೆಲ್ಲ ಹೇಳಿದರು. ನನಗೆ ಕೃಷ್ಣೇಗೌಡರ ಜೀಪು ನೆನಪಾಯಿತು.

ಸ್ಮರಣೆಯ ಹಿಂದಿನ ದಿನ ಬೆಳಿಗ್ಗೆ ಮಠದ ಅಂಗಳದಲ್ಲಿ ಓಡಿಸಿ ನೋಡುವುದೆಂದಾಯಿತು. ನಾನು ಚಾಕ್‌ಪೀಸು ತೆಗೆದೆ. ಮ್ಯಾನೇಜರು ತಡೆದರು.

“ಪೂಜೆ ಆಗಿರೋ ಗಾಡಿ ಮೇಲೆ ಚಾಕ್‌ಪೀಸಲ್ಲಿ ಗೀಚ್ತೀರಾ? ವಿಭೂತಿ ಹಚ್ತಾರಲ್ಲ, ಸಾಲ್ದಾ?”

ಸಾಕು ಎನ್ನಿಸಿತು. ಪೂಜೆ ಮಾಡುವ ಅಯ್ಯನವರನ್ನು ಕೇಳಿಕೊಂಡೆ. “ಅಯ್ನೋರೆ, ಮೂರ್ ಗೆರೆನೂ ಒಸಿ ಉದ್ದ ಎಳೀರಿ. ರಿಮ್ಮಿಂದ ಶುರು ಮಾಡಿ ಟೈರ್ ಮೇಲೆ ಬಂದು ನಿಲ್ಲಂಗೆ.” ಅವರು ವಿಭೂತಿಯನ್ನು ನೀರಿನಲ್ಲಿ ಕಲಸಿ ನಾಲ್ಕೂ ಚಕ್ರಕ್ಕೆ ಅಚ್ಚುಕಟ್ಟಾಗಿ ಎಳೆದರು.

ನಂಜಪ್ಪನವರು ಪಂಚೆ ಸರಿಮಾಡಿಕೊಂಡು ಕೂತರು. ಸ್ಟೇರಿಂಗ್ ಹಿಡಿದ ಕೂಡಲೇ ಬೆನ್ನು ನೆಟ್ಟಗಾಯಿತು. ಅಂಗಳ ಸುತ್ತಿ, ಗೇಟಿನ ಹತ್ತಿರ ಹೋಗಿ ಬ್ರೇಕು ಹಾಕಿ, ಹಿಂದಕ್ಕೆ ಬಂದರು. ಜನ ಜೈಕಾರ ಹಾಕಿದರು. ನಾನು ಬಗ್ಗಿ ನೋಡಿದೆ. ಮುಂದಿನ ಚಕ್ರಗಳ ಗೆರೆ ಸರಿಯಾಗಿತ್ತು. ಹಿಂದಿನ ಎರಡರಲ್ಲೂ ಟೈರಿನ ಮೇಲಿನ ಮೂರು ಗೆರೆಗಳು ರಿಮ್ಮಿನ ಮೂರು ಗೆರೆಗಳನ್ನು ಬಿಟ್ಟು ನಾಲ್ಕು ಬೆರಳು ಆಚೆ ಹೋಗಿದ್ದವು. ವಾಲ್ವು ಓರೆಯಾಗಿತ್ತು.

“ಅಯ್ಯೋ, ವಿಭೂತಿ ಕೆಟ್ಟೋಯ್ತಲ್ಲ! ಅಯ್ನೋರೆ, ಒರ್ಸಿ ಇನ್ನೊಂದ್ಸಲ ಹಚ್ಬುಡಿ,” ಎಂದರು ಮ್ಯಾನೇಜರು. ಅಯ್ಯನವರು ಒದ್ದೆ ಬಟ್ಟೆ ತೆಗೆದುಕೊಂಡು ಬಗ್ಗಿಯೂ ಬಿಟ್ಟರು.

“ಒರೆಸ್ಬೇಡಿ!” ಎಂದೆ. ದನಿ ಸ್ವಲ್ಪ ಜೋರಾಯಿತು. ನಂಜಪ್ಪನವರು ಇಳಿದು ಬಂದು ಚಕ್ರದ ಮುಂದೆ ಮಂಡಿಯೂರಿದರು. ರಿಮ್ಮಿನ ಗೆರೆಯ ಮೇಲೆ ಬೆರಳಿಟ್ಟು ಟೈರಿನ ಗೆರೆಯವರೆಗೆ ಎಳೆದರು.

“ಇದ್ಯಾಕಪ್ಪ ಹಿಂಗೆ?”

ಟೈರು ರಿಮ್ಮಿನ ಮೇಲೆ ನಡೆದಿದೆ ಎಂದೆ. ಇಲ್ಲಿ ಒಂದು ಬ್ರೇಕಿಗೆ ನಾಲ್ಕು ಬೆರಳು. ಏರಿಯ ಇಳಿಜಾರಿನಲ್ಲಿ ಇನ್ನಷ್ಟು ನಡೆಯುತ್ತದೆ, ವಾಲ್ವು ಕತ್ತರಿಸಿಹೋಗುತ್ತದೆ. ಈ ಕಾರಿನ ಮುಂದಿನ ಬ್ರೇಕಿನ ಕಡ್ಡಿಗಳನ್ನು ಎಂದೋ ಬಿಚ್ಚಿಟ್ಟಿದ್ದರು. ಹಿಂದಿನ ಚಕ್ರ ಕೈಕೊಟ್ಟರೆ ನಿಲ್ಲಿಸಲು ಬೇರೇನೂ ಇಲ್ಲ. ಕಾರಿನ ಮುಂದೆ ಭಜನೆಯವರು, ಶಾಲೆಯ ಮಕ್ಕಳು ನಡೆಯುತ್ತಾರೆ.

ನಂಜಪ್ಪನವರು ಮಂಡಿಯೂರಿದ್ದಲ್ಲಿಂದಲೇ ನನಗೆ ಮಾತ್ರ ಕೇಳುವ ಹಾಗೆ, “ಎಣ್ಣೆ ಹಚ್ಚಿದ್ದೇ ತಪ್ಪಾಯ್ತಾ?” ಎಂದರು.

ಸುಳ್ಳು ಹೇಳಬಹುದಿತ್ತು. ಅವರು ಡ್ರೈವರು, ಕಾರಿನ ವಿಷಯದಲ್ಲಿ ಅವರಿಗೆ ಸುಳ್ಳು ಹೇಳುವುದು ಸರಿ ಕಾಣಲಿಲ್ಲ. “ಹೂಂ ಯಜಮಾನ್ರೆ. ರಬ್ಬರಿಗೆ ಎಣ್ಣೆ ಆಗಲ್ಲ.”

“ಗಾಡಿಗೆ ಎಣ್ಣೆ ಹಾಕೋದ್ ಮರೀಬೇಡ ಕಣೋ ಅಂತ ಬುದ್ಧಿಯೋರು ಹೇಳ್ತಿದ್ರು. ಎಲ್ಲಿ ಹಾಕ್ಬಾರ್ದು ಅಂತ ಹೇಳ್ಲೇ ಇಲ್ಲ ನೋಡಿ.” ನಗಲು ನೋಡಿದರು, ಆಗಲಿಲ್ಲ. ಎದ್ದು ಹೋಗಿ ಕಾರಿನ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಸಿವಪ್ರಕಾಸು, ಈ ಟೈರಲ್ಲಿ ನಾನ್ ಓಡ್ಸಲ್ಲ. ಬೇರೆಯೋರ್ ಕೈಗೂ ಕೊಡಲ್ಲ.”

“ಹಂಗಾದ್ರೆ ಇಲ್ಲೇ ನಿಲ್ಸಿ ಪೂಜೆ ಮಾಡೋಣ ಬುಡಿ. ಆಮೇಲೆ ಆ ಗಾಜಿನ್ ಮನೆ ವಿಚಾರ…” ಎಂದು ಮ್ಯಾನೇಜರು ಮಾತು ನಿಲ್ಲಿಸಿದರು.

ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಹೊಂಗೆ ಮರದ ಕೆಳಗೆ ಮಠದ ಎತ್ತಿನ ಗಾಡಿ ನಿಂತಿತ್ತು, ತೆಂಗಿನಕಾಯಿ ಹೇರುವ ರಬ್ಬರ್ ಚಕ್ರದ ಗಾಡಿ. ಟೈರಿನ ಪಕ್ಕದಲ್ಲಿದ್ದ ಅಳತೆ ಓದಿದೆ. ಹತ್ತೊಂಬತ್ತು ಇಂಚು. ಕಾರಿನ ರಿಮ್ಮೂ ಹತ್ತೊಂಬತ್ತು. ಇಂದಿನ ಕಾರಿಗೆ ಆ ಅಳತೆಯಲ್ಲಿ ಇಷ್ಟು ಸಪೂರ ಟೈರು ಬರುವುದಿಲ್ಲ. ಎತ್ತಿನ ಗಾಡಿಗೆ ಮಾತ್ರ ಇನ್ನೂ ಬರುತ್ತಿದೆ. ವೇಗಕ್ಕೆ ಆಗುವ ಟೈರಲ್ಲ. ಆದರೆ ಅದು ಎತ್ತಿನ ಹೆಜ್ಜೆಯಲ್ಲಿ ಭಾರ ಹೊರಲೆಂದೇ ಮಾಡಿದ್ದು, ಏರಿಯ ಮೇಲೆ ಕಾರು ಹೋಗುವುದೂ ಅದೇ ಹೆಜ್ಜೆಯಲ್ಲಿ. ಬಿಸಿಲಲ್ಲಿ ಓಡಾಡಿ ಓಡಾಡಿ ಮೇಲೆ ಕೂದಲೆಳೆಯ ಬಿರುಕು ಬಿಟ್ಟಿತ್ತು, ಒಳಗಿನ ದಾರ ಗಟ್ಟಿಯಾಗಿತ್ತು. ಎಣ್ಣೆ ಯಾರೂ ಹಚ್ಚಿರಲಿಲ್ಲ.

ಬಂದು ಹೇಳಿದಾಗ ಮ್ಯಾನೇಜರು ನನ್ನ ಮುಖ ನೋಡಿದರು. “ಬುದ್ಧಿಯೋರ ಕಾರಿಗೆ ಎತ್ತಿನ್ ಗಾಡಿ ಟೈರಾ? ಜನ ಏನಂತಾರ್ರೀ?”

ಉತ್ತರ ಕೊಟ್ಟವರು ನಂಜಪ್ಪನವರು. “ಏನಂತಾರೆ? ಈ ಕಾರ್ ಬರೋಕ್ ಮುಂಚೆ ಬುದ್ಧಿಯೋರು ಯಾತರಲ್ಲಿ ಓಡಾಡ್ತಿದ್ರು, ಏರೋಪ್ಲೇನಲ್ಲಾ? ಗಾಡೀಲೇ ತಾನೆ? ಮುಂದ್ಗಡೆ ಬುದ್ಧಿಯೋರು ತಂದ ಟೈರೇ ಇರ್ಲಿ. ಹಿಂದ್ಗಡೆ ಬಸವಣ್ಣಂದು ಇರ್ಲಿ. ಬಿಚ್ರಪ್ಪ.”

ಗಾಡಿಯ ಎರಡೂ ಟೈರುಗಳನ್ನು ಬಿಚ್ಚಿ ಮಧ್ಯಾಹ್ನದವರೆಗೆ ಚಪ್ಪಡಿ ಕಲ್ಲಿನ ಮೇಲೆ ಬಿಸಿಲಿಗೆ ಹಾಕಿದೆ. ಗಟ್ಟಿ ಟೈರಿಗೆ ಬಿಸಿಲಿನಷ್ಟು ಒಳ್ಳೆಯ ಮದ್ದಿಲ್ಲ. ಬೆಂಕಿ ಮಾತ್ರ ತೋರಿಸಬೇಡಿ, ಮೇಲೆ ಸುಡುತ್ತದೆ, ಒಳಗೆ ಹಾಗೇ ಇರುತ್ತದೆ. ಮುಟ್ಟಿದರೆ ಕೈ ಹಿಂದೆ ತೆಗೆಯುವಷ್ಟು ಕಾದ ಮೇಲೆ ಸೋಪಿನ ನೊರೆ ಹಚ್ಚಿ, ಟ್ಯೂಬಿಗೆ ಅದು ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಕೆಲಸಕ್ಕೆ ಕೂತೆ. ಬುದ್ಧಿಯವರ ಟೈರುಗಳು ಜಾರಿಕೊಂಡು ಹತ್ತಿದ್ದವು. ಇವು ಅಂಗುಲ ಅಂಗುಲಕ್ಕೂ ಜಗಳ ಆಡಿದವು. ಮೊದಲನೆಯದು ಹೇಗೋ ಕೂತಿತು. ಎರಡನೆಯದರಲ್ಲಿ ಕೊನೆಯ ಒಂದು ಗೇಣು ಉಳಿದಾಗ ಬಲ ಹೆಗಲಿನಲ್ಲಿ ಏನೋ ಹರಿದಂತಾಯಿತು. ಕೈ ಕೆಳಗೆ ಬಿತ್ತು, ಎತ್ತಲು ಬರಲಿಲ್ಲ. ಎಡಗೈಯಲ್ಲಿ ರಾಡನ್ನು ಹಿಡಿದುಕೊಂಡೇ ಇದ್ದೆ. ಬಿಟ್ಟರೆ ಅಷ್ಟೂ ಹೊರಗೆ ಬರುತ್ತಿತ್ತು.

“ಯಜಮಾನ್ರೆ, ಎದುರುಗಡೆ ಟೈರ್ ಮೇಲೆ ಹತ್ತಿ ನಿಂತ್ಕೊಳ್ಳಿ.”

“ಬುದ್ಧಿಯೋರ ಚಕ್ರದ ಮೇಲೆ ಕಾಲಿಡ್ಲಾ?”

“ರಿಮ್ಮು ಬುದ್ಧಿಯೋರದು, ಟೈರು ಎತ್ತಿಂದು. ಟೈರ್ ಮೇಲ್ ಮಾತ್ರ ಇಡಿ. ಬೇಗ!”

ಅವರು ಚಪ್ಪಲಿ ಬಿಟ್ಟು, ಚಕ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಸರಿಯಿದ್ದ ಹೆಗಲನ್ನು ಹಿಡಿದು ಹತ್ತಿ ನಿಂತರು. ಬಿಸಿ ರಬ್ಬರಿನ ಮೇಲೆ ಬರಿಗಾಲು. “ಸುಡ್ತದೆ ಕಣಪ್ಪ, ಜಲ್ದಿ ಮಾಡು” ಎಂದರೇ ಹೊರತು ಇಳಿಯಲಿಲ್ಲ. ಅವರ ಭಾರಕ್ಕೆ ಅಂಚು ತಗ್ಗಿನಲ್ಲಿ ಕೂತಿತು, ನನ್ನ ಕಡೆ ಸಡಿಲ ಸಿಕ್ಕಿತು. ಎಡಗೈಯಿಂದಲೇ ರಾಡು ಎತ್ತಿದೆ. ಟಕ್ ಎಂದು ಒಳಗೆ ಹೋಯಿತು. ನಾನು ಕೂರಿಸಿದ ಕೊನೆಯ ಟೈರು ಅದು. ಆಗ ಅದು ನನಗೆ ಗೊತ್ತಿರಲಿಲ್ಲ.

ಚಕ್ರ ಕಾರಿಗೆ ಏರಿ, ಅಯ್ಯನವರು ಮತ್ತೆ ವಿಭೂತಿ ಗೆರೆ ಎಳೆದ ಮೇಲೆ ನಂಜಪ್ಪನವರು ಮತ್ತೆ ಗೇಟಿನವರೆಗೆ ಓಡಿಸಿ, ಬೆಳಿಗ್ಗೆಗಿಂತ ಗಟ್ಟಿಯಾಗಿ ಬ್ರೇಕು ತುಳಿದರು. ಗೆರೆ ಅಲುಗಲಿಲ್ಲ. ಆದರೂ ಕಾರಿನಲ್ಲಿ ಭಾವಚಿತ್ರ ಮತ್ತು ನಂಜಪ್ಪನವರು ಬಿಟ್ಟು ಬೇರೆ ಯಾರೂ ಕೂರಬಾರದು, ಮಕ್ಕಳು ಮುಂದೆ ಬೇಡ, ಹಿಂದೆ ಬರಲಿ ಎಂದೆ. ಮ್ಯಾನೇಜರು ಎರಡಕ್ಕೂ ಒಪ್ಪಿದರು.

ಮಾರನೆಯ ದಿನ ನಾನು ಕೈಯನ್ನು ಟವೆಲಿನಲ್ಲಿ ಕೊರಳಿಗೆ ಕಟ್ಟಿಕೊಂಡು ಕಾರಿನ ಹಿಂದಿನ ಚಕ್ರದ ಪಕ್ಕದಲ್ಲೇ ನಡೆದೆ. ಹಿಂಭಾಗ ಸ್ವಲ್ಪ ಎತ್ತರವಾಗಿ, ಕಾರು ಬಗ್ಗಿ ನಮಸ್ಕಾರ ಮಾಡುವ ಹಾಗೆ ಕಾಣುತ್ತಿತ್ತು. ಟೈರು ನೋಡಿ ಇಬ್ಬರು ಮೂವರು ನಕ್ಕರು. ಏರಿಯ ಮೇಲೆ ಹತ್ತಿದ ಮೇಲೆ ಯಾರೂ ಟೈರು ನೋಡಲಿಲ್ಲ. ಇಳಿಜಾರಿನಲ್ಲಿ ನಂಜಪ್ಪನವರು ಬ್ರೇಕನ್ನು ತುಳಿದು ಬಿಟ್ಟು, ತುಳಿದು ಬಿಟ್ಟು ಇಳಿಸಿದರು. ಗದ್ದುಗೆಯ ಮುಂದೆ ಕಾರು ನಿಂತಿತು.

ಜನ ಭಾವಚಿತ್ರದ ಕಡೆ ಹೋದರು. ನಂಜಪ್ಪನವರು ಸ್ಟೇರಿಂಗ್ ಬಿಡದೆ ಕೂತಿದ್ದರು. ಮ್ಯಾನೇಜರು ಹತ್ತಿರ ಬಂದು, “ಗಾಡಿ ಟೈರು ನಾಳೆ ವಾಪಸ್ ಹಾಕ್ಬೇಕಲ್ಲ?” ಎಂದು ನನ್ನನ್ನು ಕೇಳಿದರು. ನಾನು ಕಟ್ಟಿದ ಕೈ ತೋರಿಸಿದೆ.

“ಬ್ಯಾಡ ಬುಡು. ಎತ್ತಿನ್ ಗಾಡಿಗೆ ಹೊಸಾವು ತರ್ಸು ಸಿವಪ್ರಕಾಸು,” ಎಂದರು ನಂಜಪ್ಪನವರು ಒಳಗಿನಿಂದ. ಮ್ಯಾನೇಜರು ಕಾರನ್ನೂ ಗದ್ದುಗೆಯನ್ನೂ ನೋಡಿ, “ಆಯ್ತು, ಹೊಸಾವು ತರ್ಸೋಣ” ಎಂದರು.

ಆಗ ನಂಜಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕರೆದರು. “ಏನಪ್ಪ ಡಾಕ್ಟ್ರೆ, ಗೆರೆ ನೋಡು. ನಾನ್ ಇಳಿದ್ ಮೇಲೆ ಹೇಳ್ಬೇಡ, ಕೂತಿದ್ದಂಗೇ ಹೇಳು.”

ನಾನು ಬಗ್ಗಿ ನೋಡಿದೆ. ಏರಿಯ ಮಣ್ಣು ಮೆತ್ತಿ ವಿಭೂತಿ ಕೆಂಪಾಗಿತ್ತು. ಮೂರು ಗೆರೆಗಳೂ ರಿಮ್ಮಿನಿಂದ ಹೊರಟು ಟೈರಿನ ಮೇಲಕ್ಕೆ ನೇರವಾಗಿ ಹಾದಿದ್ದವು.

“ಕೂಡ್ಕೊಂಡೇ ಅದೆ ಯಜಮಾನ್ರೆ,” ಎಂದೆ. ಅವರು ಹಾರ್ನ್ ಒತ್ತಿದರು.